ಹೇರು ಹೊರುವ ಸೈಕಲ್ಲು

ಶ್ರಾವಣ ಹಿಡಿದು ನಾಲ್ಕು ದಿನವಾಗಿತ್ತು. ಬೈಲಹೊಂಗಲದ ಹೆಣ್ಣುಮಕ್ಕಳ ಹೈಸ್ಕೂಲಿನ ಮೈದಾನದಲ್ಲಿ ಹುಡುಗಿಯರಿಗೆ ಕೊಕ್ಕೊ ಆಡಿಸುತ್ತ ನಿಂತಿದ್ದ ಪೀಟಿ ಟೀಚರು ನಾಗರತ್ನಾಳಿಗೆ ಕಿತ್ತೂರಿನಿಂದ ಫೋನು ಬಂತು. ಹಳೆಯ ಗೆಳತಿ ಭಾಗೀರಥಿಯದು. ಸಂಕ್ರಾಂತಿಗೆ ಕುಸುರೆಳ್ಳಿನದೊಂದು ಚಿತ್ರ ಕಳಿಸಿಕೊಳ್ಳುವುದು ಬಿಟ್ಟರೆ ಇಬ್ಬರ ನಡುವೆ ಮಾತು ನಿಂತು ಎಷ್ಟೋ ವರ್ಷಗಳಾಗಿದ್ದವು.

"ನಾಗೀ, ನಮ್ಮ ಖಾನಾವಳಿ ಹಿಂದಿನ ಪಡಸಾಲಿ ಹಂಚು ತಗಸಾಕತ್ತೇವಿ," ಎಂದಳು ಭಾಗೀರಥಿ, ನಿನ್ನೆಯಷ್ಟೇ ಮಾತಾಡಿ ಫೋನಿಟ್ಟವಳ ಹಾಗೆ. "ಅಲ್ಲಿ ಗೂಟಕ್ಕ ನನ್ನ ಕೆಂಪು ಸೈಕಲ್ಲಿಂದು ಫ್ರೇಮು ಜೋತಬಿದ್ದಿತ್ತು ನೋಡು, ಇಳಿಸ್ಯಾರ. ಗುಜರಿಯವ ಕೇಳಾಕತ್ತಾನ. ನೀ ಸಾಮಾನು ಹೇರಿಕೊಂಡು ಊರೂರು ತಿರಗಾಕ ಹಳೇ ಫ್ರೇಮು ಹುಡಕಾಕತ್ತೀ ಅಂತ ಮುತ್ತಪ್ಪಣ್ಣ ಹೇಳಿದ. ಬಂದು ಒಯ್ಯಿ."

"ಆ ಕೆಂಪು ಫ್ರೇಮು ಇನ್ನೂ ಐತೇನ?"

"ಎಲ್ಲಿ ಹೋಗತೈತಿ? ಗೂಟದ ಮ್ಯಾಲ ಇತ್ತು. ಬಾ, ರೊಟ್ಟಿ ಉಂಡು ಹೋಗೂವಂತಿ."

ಫೋನಿಟ್ಟ ಮೇಲೆ ಆಟದಲ್ಲಿ ಯಾರು ಔಟಾದರು, ಯಾರು ಒಳಗಿದ್ದಾರೆ ಎಂಬುದು ನಾಗರತ್ನಾಳಿಗೆ ತಿಳಿಯಲಿಲ್ಲ. ಹುಡುಗಿಯರೇ ಜಗಳಾಡಿ ತೀರ್ಮಾನ ಮಾಡಿಕೊಂಡರು.

ಆಕೆಗೀಗ ನಲವತ್ತಾರು. ಹದಿನಾರಕ್ಕೆ ವಿಜಾಪುರದ ಸೈಕಲ್ ಓಟ ಕಲಿಸುವ ಹಾಸ್ಟೆಲ್ಲಿಗೆ ಹೋದವಳು. ಬೆಳಗಾವಿ ಜಿಲ್ಲೆಯವರೆಂದು ಅವಳನ್ನೂ ಭಾಗೀರಥಿಯನ್ನೂ ಒಂದೇ ಕೋಣೆಗೆ ಹಾಕಿದ್ದರು. ನಸುಕಿನಲ್ಲಿ ಎಬ್ಬಿಸಿ ರಸ್ತೆಗೆ ಬಿಡುತ್ತಿದ್ದ ಕೋಚ್ ಜೀಪಿನಲ್ಲಿ ಹಿಂದೆ ಬಂದು ಸೀಟಿ ಊದುತ್ತಿದ್ದರು. ಸೀಟಿಗೆ ಹೆದರಿ ತುಳಿದದ್ದೇ ತುಳಿದದ್ದು. ಭಾನುವಾರ ಹಾಸ್ಟೆಲ್ಲಿನ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ಭಾಗೀರಥಿ ಹೇಳುತ್ತಿದ್ದಳು: "ಒಂದ ಸಲ ಸೀಟಿ ಊದೋರು ಇಲ್ಲದಂಗ ಸೈಕಲ್ ಹೊಡೀಬೇಕಲೇ. ಕಿತ್ತೂರಿಂದ ಹೊಂಟು ರಾಮದುರ್ಗದ ತನಕ. ಡಾಂಬರು ಬಿಟ್ಟು ಬಂಡಿ ದಾರಿ ಹಿಡಕೊಂಡು. ಬುತ್ತಿ ಕಟಗೊಂಡು, ಕೌದಿ ಹೇರಿಕೊಂಡು. ಹೊತ್ತು ಮುಳುಗಿದಲ್ಲೆ ಮಲಗೂದು."

ಆಮೇಲೆ ಭಾಗೀರಥಿಗೆ ಹತ್ತೊಂಬತ್ತಕ್ಕೆ ಮದುವೆಯಾಯಿತು. ನಾಗರತ್ನಾ ರಾಜ್ಯ ತಂಡದಲ್ಲಿ ಸೈಕಲ್ ಹೊಡೆದು, ಎರಡು ಪದಕ ತಂದು, ಅದರ ಆಧಾರದ ಮೇಲೆ ನೌಕರಿ ಹಿಡಿದಳು. ಈ ಮೂವತ್ತು ವರ್ಷಗಳಲ್ಲಿ ಅವಳಿಗೆ ಒಂದು ಮಾತು ಮಾತ್ರ ಮತ್ತೆಮತ್ತೆ ಹೊಳೆಯುತ್ತಿತ್ತು. ಈ ಸೀಮೆಯ ಎಷ್ಟೋ ರಸ್ತೆ ತುಳಿದಿದ್ದಳು, ಆದರೆ ನೋಡಿದ್ದು ಮುಂದಿನವಳ ಹಿಂದಿನ ಗಾಲಿಯನ್ನು ಮಾತ್ರ. ಸವದತ್ತಿಗೆ ಬಸ್ಸಿನಲ್ಲಿ ಹೋಗುವಾಗೆಲ್ಲ ಕಿಡಕಿಯಾಚೆ ಜೋಳದ ಹೊಲಗಳ ನಡುವೆ ಹಾದುಹೋಗುವ ಬಂಡಿ ದಾರಿಗಳನ್ನು ಕಂಡು, ಇದು ಎಲ್ಲಿಗೆ ಹೋಗುತ್ತದೋ ಎಂದುಕೊಳ್ಳುತ್ತಿದ್ದಳು. ಈ ವರ್ಷ ಮಗಳು ಅನ್ನಪೂರ್ಣಾಳ ಲಗ್ನ ಮುಗಿದು ಮನೆ ಹಗುರಾದ ಮೇಲೆ, ದಸರಾ ರಜೆಗೆ ಹೋಗಿಯೇ ಬಿಡುವುದೆಂದು ಮನಸ್ಸು ಮಾಡಿದಳು.

ಬೆಳಗಾವಿಯ ಅಂಗಡಿಗಳಲ್ಲಿ ಹೊಸ ಸೈಕಲ್ಲು ನೋಡಿ ಬಂದಿದ್ದಳು. ಫಳಫಳ ಹೊಳೆಯುತ್ತಿದ್ದ ಅವುಗಳಿಗೆ ಕ್ಯಾರಿಯರ್ ಬಿಗಿಯಲು ಒಂದು ತೂತೂ ಇರಲಿಲ್ಲ. ನೇಸರಗಿಯ ಮುತ್ತಪ್ಪಣ್ಣನಿಗೆ ಹೇಳಿದಾಗ ಆತ ನಕ್ಕಿದ್ದ. ಅದೇ ಹಾಸ್ಟೆಲ್ಲಿನಲ್ಲಿ ಮೆಕ್ಯಾನಿಕ್ ಆಗಿದ್ದು ರಿಟಾಯರಾಗಿ, ಹುಟ್ಟೂರಿಗೆ ಬಂದು ಬಸ್ ಸ್ಟ್ಯಾಂಡಿನ ಪಕ್ಕ ಸಣ್ಣ ಅಂಗಡಿ ಇಟ್ಟುಕೊಂಡಿದ್ದ ಎಪ್ಪತ್ತರ ಮನುಷ್ಯ.

"ಹೊಸಾದು ಬ್ಯಾಡವ್ವ," ಎಂದಿದ್ದ. "ಹಳೇ ಉಕ್ಕಿನ ಫ್ರೇಮು ಹುಡುಕು. ಅಲ್ಯುಮಿನಿಯಂ ಸೀಳಿದ್ರ ಅಡವ್ಯಾಗ ಕುಂತು ಅಳಬೇಕು. ಉಕ್ಕು ಸೀಳಿದ್ರ ಯಾವ ಊರಾಗಾದ್ರೂ ಟ್ರ್ಯಾಕ್ಟರ್ ವೆಲ್ಡಿಂಗ್ ಮಾಡಾಂವ ಇರ್ತಾನ. ಫ್ರೇಮು ಸರಿ ಸಿಕ್ಕರ ಉಳಿದದ್ದು ನಾ ಕೂಡಿಸ್ತೇನಿ."

ಮುಂದಿನ ಭಾನುವಾರ ನಾಗರತ್ನಾ ಕಿತ್ತೂರಿಗೆ ಹೋದಳು. ಖಾನಾವಳಿಯಲ್ಲಿ ಹದಿನೈದು ಇಪ್ಪತ್ತು ಜನ ಊಟಕ್ಕೆ ಕೂತಿದ್ದರು. ಭಾಗೀರಥಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದು, ಹಿಟ್ಟಿನ ಕೈ ತೋರಿಸಿ, ಅಪ್ಪಿಕೊಳ್ಳದೆ ಹೆಗಲಿಗೆ ಹೆಗಲು ತಾಗಿಸಿದಳು. ಮೈ ತುಂಬಿಕೊಂಡಿದ್ದಳು. ಕಾಲು ಮಾತ್ರ ಅದೇ ಉದ್ದ ಕಾಲು.

ಫ್ರೇಮು ಹಿತ್ತಲಲ್ಲಿ ಗೋಡೆಗೆ ಒರಗಿತ್ತು. ಜೇಡರ ಬಲೆ, ಹೊಗೆಯ ಮಸಿ. ನಾಗರತ್ನಾ ಸೀರೆ ಸೆರಗಿನಿಂದ ಒರೆಸಿದಳು. ಕೆಳಗಿನಿಂದ ಹಣ್ಣು ಮೆಣಸಿನಕಾಯಿಯ ಬಣ್ಣ ಹೊರಬಂತು. ಪುಣೆಯಿಂದ ಆ ಫ್ರೇಮು ಹಾಸ್ಟೆಲ್ಲಿಗೆ ಬಂದ ದಿನ ನೆನಪಾಯಿತು. ಎರಡು ಬೆರಳಲ್ಲಿ ಎತ್ತಬಹುದಾದ ಹಗುರ ಉಕ್ಕು. ಕೋಚ್ ಇಬ್ಬರನ್ನೂ ಗೋಡೆಗೆ ನಿಲ್ಲಿಸಿ ಕಾಲಿನ ಅಳತೆಗೆ ಸೀಮೆಸುಣ್ಣದ ಗೆರೆ ಹಾಕಿದ್ದರು. ಭಾಗೀರಥಿಯ ಗೆರೆ ಎರಡು ಬೆರಳು ಮೇಲೆ ಬಂದಿತ್ತು. ಫ್ರೇಮು ಅವಳಿಗೆ ಹೋಯಿತು. ಆ ವಾರವಿಡೀ ನಾಗರತ್ನಾ ಊಟದ ತಟ್ಟೆ ಹಿಡಿದು ಬೇರೆ ಸಾಲಿನಲ್ಲಿ ಕೂತಿದ್ದಳು. ಭಾಗೀರಥಿ ಹಾಸ್ಟೆಲ್ ಬಿಡುವಾಗ ಕೋಚ್ ಅದನ್ನು ಲಗ್ನದ ಉಡುಗೊರೆ ಎಂದು ಕೊಟ್ಟು ಕಳಿಸಿದ್ದರು.

"ಒಮ್ಮೆಯೂ ಹೊಡೀಲಿಲ್ಲೇನ ಇದನ್ನ?" ಎಂದು ಕೇಳಿದಳು.

"ಬಂದ ವರ್ಷ ಎರಡ ಸಲ ಹೊಡದೆ. ಅತ್ತಿ ಏನೂ ಅನಲಿಲ್ಲ, ಓಣಿಯವರು ಅಂದರು. ಆಮ್ಯಾಲ ಗಾಲಿ ಯಾರೋ ಒಯ್ದರು." ಭಾಗೀರಥಿ ಬೆರಳಿಗಂಟಿದ ಹಿಟ್ಟು ಉಜ್ಜಿದಳು. "ನೀ ಒಯ್ಯಿ. ನಾವಂತೂ ಕೂಡಿ ಹೋಗಲಿಲ್ಲ, ನನ್ನ ಫ್ರೇಮರ ರಾಮದುರ್ಗಕ್ಕ ಹೋಗಲಿ."

ಬಸ್ಸಿನಲ್ಲಿ ಫ್ರೇಮನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ ನಾಗರತ್ನಾಳನ್ನು ಕಂಡಕ್ಟರ್ ನೋಡಿ, "ಏನ್ರೀ ಟೀಚರ, ಸೈಕಲ್ಲಿಂದು ಎಲುವಷ್ಟ ತಂದೀರಲ್ಲ, ಮಾಂಸ ಎಲ್ಲೆ?" ಎಂದ. ಬಸ್ಸೆಲ್ಲ ನಕ್ಕಿತು. ಅವಳೂ ನಕ್ಕಳು. ಹದಿನೆಂಟು ವರ್ಷದವಳಿದ್ದಾಗ ಬೇಕೆಂದದ್ದು ನಲವತ್ತಾರಕ್ಕೆ ತೊಡೆಯ ಮೇಲಿತ್ತು.

ನೇಸರಗಿಯಲ್ಲಿ ಮುತ್ತಪ್ಪಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಪರೀಕ್ಷೆಗೆ ತೊಡಗಿದ. ಮೊದಲು ನಾಣ್ಯದಿಂದ ಪ್ರತಿಯೊಂದು ಕೊಳವೆಯನ್ನೂ ತಟ್ಟಿ ಕೇಳಿದ. ಎಲ್ಲವೂ ಗಂಟೆಯಂತೆ ದನಿಗೊಟ್ಟವು. ಹ್ಯಾಂಡಲ್ಲಿನ ಬುಡದಲ್ಲಿ, ಕೆಳಗಿನ ಕೊಳವೆಯ ಅಡಿಯಲ್ಲಿ ಹೆಬ್ಬೆರಳು ಆಡಿಸಿದ. ಎಲ್ಲಾದರೂ ಢಿಕ್ಕಿ ಹೊಡೆದಿದ್ದರೆ ಅಲ್ಲಿ ಉಬ್ಬು ಸಿಗುತ್ತದೆ. ಸಿಗಲಿಲ್ಲ. ಕೊನೆಗೆ ಹಿಂದಿನ ತುದಿಯಿಂದ ಮುಂದಕ್ಕೆ ದಾರ ಸುತ್ತಿ ಮತ್ತೆ ಹಿಂದಕ್ಕೆ ಎಳೆದು, ನಡುವಿನ ಕೊಳವೆಗೂ ದಾರಕ್ಕೂ ಎರಡೂ ಕಡೆ ಇರುವ ಅಂತರ ಅಳೆದ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಫ್ರೇಮು ಬಂಗಾರದಂಥಾದು," ಎಂದ. "ಆದ್ರ ನಿನ್ನ ಕೆಲಸದ್ದಲ್ಲ. ಇದು ಓಡಾಕ ಹುಟ್ಟಿದ್ದು, ಹೊರಾಕ ಅಲ್ಲ."

"ಅಣ್ಣಾ, ನೀ ಕೂಡಿಸು. ನಾ ಹೊಡದು ನೋಡತೇನಿ."

"ನಾಗರತ್ನಾ, ಹಿಂದಿನ ಗಾಲಿಗೂ ಫ್ರೇಮಿಗೂ ನಡುವ ಒಂದ ಬೆರಳು ಹೋಗಂಗಿಲ್ಲ."

"ಕೂಡಿಸು ಅಂದೆನಲ್ಲಾ."

ಮುತ್ತಪ್ಪಣ್ಣ ಕೂಡಿಸಲು ಕೂತ. ಸಂದಿಯಲ್ಲಿ ಹಿಡಿಯುವಷ್ಟು ದಪ್ಪ ಟೈರು ಹಾಕಿದ. ತೂತಿಲ್ಲದ ಕಡೆ ಪಟ್ಟಿ ಬಿಗಿದು ಕ್ಯಾರಿಯರ್ ಕೂಡಿಸಿದ. ಎರಡೂ ಬದಿಗೆ ಚೀಲ ಕಟ್ಟಿ, ಒಂದೊಂದರಲ್ಲಿ ಹತ್ತು ಹತ್ತು ಕಿಲೋ ಜೋಳ ತುಂಬಿದ. ನಾಗರತ್ನಾ ಊರ ಹೊರಗಿನ ಬಂಡಿ ದಾರಿಗೆ ಇಳಿದಳು.

ಮೊದಲ ನೂರು ಮಾರು ಚೆನ್ನಾಗಿತ್ತು. ಆಮೇಲೆ ಹಿಮ್ಮಡಿ ಪ್ರತಿ ಸುತ್ತಿಗೂ ಚೀಲಕ್ಕೆ ಬಡಿಯತೊಡಗಿತು. ಇಳಿಜಾರು ಬಂದಾಗ ಹಿಂದಿನ ಭಾರಕ್ಕೆ ಫ್ರೇಮು ತಿರುಚಿಕೊಂಡು, ಹ್ಯಾಂಡಲ್ಲು ಕೈಯಲ್ಲಿ ಚಳಿಜ್ವರ ಬಂದಂತೆ ನಡುಗಿತು. ಬ್ರೇಕು ಹಿಡಿದು ಹೇಗೋ ಕೆಳಗೆ ತಲುಪಿದಳು. ಅಲ್ಲಿ ಜಿಗುಟು ಕಪ್ಪು ಎರಿ ಮಣ್ಣು. ಹಿಂದಿನ ದಿನದ ಮಳೆಗೆ ಹದವಾಗಿ ಮಿದಿದ ಹಿಟ್ಟಿನ ಹಾಗಿತ್ತು. ಹತ್ತು ಸುತ್ತು ಗಾಲಿ ತಿರುಗುವಷ್ಟರಲ್ಲಿ ಟೈರಿಗೂ ಫ್ರೇಮಿಗೂ ನಡುವೆ ಮಣ್ಣು ತುಂಬಿ, ಗಾಲಿ ನಿಂತುಬಿಟ್ಟಿತು. ಸೈಕಲ್ಲು ಒಂದು ಕಡೆ, ನಾಗರತ್ನಾ ಒಂದು ಕಡೆ ಬಿದ್ದರು.

ಪೆಟ್ಟೇನೂ ಆಗಲಿಲ್ಲ. ಬದುವಿನ ಮೇಲೆ ಕೂತು ಜಾಲಿಯ ಕಡ್ಡಿಯಿಂದ ಗಾಲಿಯ ಮಣ್ಣು ಕೆರೆಯತೊಡಗಿದಳು. ಕೆರೆದಷ್ಟೂ ಇತ್ತು. ಆಗ ಅವಳಿಗೆ ಇಷ್ಟು ವರ್ಷ ಮನಸ್ಸಿನ ಮೂಲೆಯಲ್ಲಿ ಒತ್ತಿ ಇಟ್ಟಿದ್ದ ಒಂದು ಬೆಳಗು ನೆನಪಾಯಿತು. ರಾಜ್ಯ ತಂಡಕ್ಕೆ ಆರಿಸುವ ಓಟ. ಹಾಸ್ಟೆಲ್ಲಿನ ಇಬ್ಬರಲ್ಲಿ ಭಾಗೀರಥಿಯೇ ಗಟ್ಟಿ. ಅವಳ ಗಾಲಿ ಪಂಕ್ಚರಾದರೆ ನಾಗರತ್ನಾ ನಿಂತು ತನ್ನ ಗಾಲಿ ಬಿಚ್ಚಿ ಕೊಡಬೇಕೆಂದು ಹಿಂದಿನ ಸಂಜೆಯೇ ಮಾತಾಗಿತ್ತು. ಗುರಿ ಇನ್ನು ಆರೇಳು ಕಿಲೋಮೀಟರ್ ಇರುವಾಗ ಕೆಂಪು ಸೈಕಲ್ಲಿನ ಗಾಲಿ ಇಳಿಯಿತು. "ನಾಗೀ!" ಎಂಬ ಕೂಗು ಕೇಳಿತು. ನಾಗರತ್ನಾ ಒಮ್ಮೆ ತಿರುಗಿ ನೋಡಿದಳು. ನಿಲ್ಲಲಿಲ್ಲ. ಅವಳು ಆಯ್ಕೆಯಾದಳು, ಭಾಗೀರಥಿ ಆಗಲಿಲ್ಲ. ಎರಡು ತಿಂಗಳಲ್ಲಿ ಕಿತ್ತೂರಿನ ಗಂಡು ಬಂದು ನೋಡಿ ಹೋಯಿತು. ಆ ಬಗ್ಗೆ ಭಾಗೀರಥಿ ಎಂದೂ ಒಂದು ಮಾತು ಆಡಲಿಲ್ಲ, ಇವಳೂ ಕೇಳಲಿಲ್ಲ.

ಸೈಕಲ್ಲನ್ನು ಹೆಗಲಿಗೇರಿಸಿ ಊರಿಗೆ ಬಂದಾಗ ಮುತ್ತಪ್ಪಣ್ಣ ಬಕೆಟ್ಟಿನಲ್ಲಿ ನೀರು ಹಿಡಿದು ಅಂಗಡಿಯ ಮುಂದೆ ಕೂತಿದ್ದ. "ಕಾಲು ತೊಳಕೊ, ಚಾ ತರಸ್ತೇನಿ," ಎಂದಷ್ಟೇ ಹೇಳಿದ.

ಚಾ ಕುಡಿಯುತ್ತ ಬೇಕಾದ ಫ್ರೇಮು ಹೇಗಿರಬೇಕೆಂದು ಹೇಳಿದ. ಹಿಂದಿನ ಭಾಗ ಉದ್ದ ಇರಬೇಕು, ಹಿಮ್ಮಡಿ ಚೀಲಕ್ಕೆ ತಾಗಬಾರದು. ದಪ್ಪ ಟೈರು ಹಾಕಿದ ಮೇಲೂ ಎರಡು ಬೆರಳು ಮಣ್ಣಿಗೆ ಜಾಗ ಉಳಿಯಬೇಕು. ಕ್ಯಾರಿಯರ್ ಬಿಗಿಯಲು ತೂತಿರುವ ಕಿವಿ ಇರಬೇಕು. "ಮತ್ತ, ಚೆಂದ ಇರದಿದ್ರೂ ನಡೀತೈತಿ," ಎಂದ.

ಮುತ್ತಪ್ಪಣ್ಣನ ಪರಿಚಯದವರ ಫೋನುಗಳಲ್ಲಿ ಸುದ್ದಿ ಓಡಾಡಿತು. ಮೊದಲು ಚಿತ್ರ ಬಂದದ್ದು ಚಚಡಿಯಿಂದ. ವಾಡೆಯ ಹಿಂದಿನ ಓಣಿಯಲ್ಲಿ ನಿಜಗುಣಪ್ಪ ಎಂಬ ಎಂಬತ್ತು ದಾಟಿದ ಹಿರಿಯರ ಮನೆ. ಪಡಸಾಲೆಯಲ್ಲಿ ಬಿಳಿ ಧೋತರ ಹೊದಿಸಿ ಇಟ್ಟಿದ್ದರು. ಧೋತರ ಸರಿಸಿದಾಗ ನಾಗರತ್ನಾ ಎರಡು ಹೆಜ್ಜೆ ಹತ್ತಿರ ಹೋದಳು. ಬ್ರಿಟಿಷರ ಕಾಲದ, ಹಡಗಿನಲ್ಲಿ ಬಂದ ಕಪ್ಪು ಸೈಕಲ್ಲು. ಮುಂದಿನ ಗಾಲಿ ಹಿಡಿಯುವ ಚಿಮಟಾ ಹಂಸದ ಕೊರಳಿನ ಹಾಗೆ ಬಾಗಿತ್ತು. ಬಂಗಾರದ ಗೆರೆಗಳು ಅಲ್ಲಲ್ಲಿ ಇನ್ನೂ ಉಳಿದಿದ್ದವು.

"ನಮ್ಮಪ್ಪಂದು," ಎಂದರು ನಿಜಗುಣಪ್ಪ. "ಈ ನಡುವಿನ ಬಾರ್ ಐತಲ್ರಿ, ಇದರ ಮ್ಯಾಲ ಟವೆಲ್ ಸುತ್ತಿ ನನ್ನ ಕೂಡಿಸಿಕೊಂಡು ಸವದತ್ತಿಗೆ ಒಯ್ತಿದ್ದ. ಗುಡ್ಡ ಏರೂಮುಂದ ಇಳದು ದಬ್ಬತಿದ್ದ, ನನ್ನ ಇಳಸ್ತಿರಲಿಲ್ಲ."

ಸೀಟಿನ ಕಂಬ ತುಕ್ಕಿಗೆ ಕಚ್ಚಿ ಕೂತಿತ್ತು. ನಾಗರತ್ನಾ ನೆಲಕ್ಕೆ ಕೂತು ಪೆಡಲಿನ ಬುಡದಲ್ಲಿ, ನೀರು ಇಳಿದು ನಿಲ್ಲುವ ಜಾಗದಲ್ಲಿ, ಮುತ್ತಪ್ಪಣ್ಣ ಹೇಳಿಕೊಟ್ಟಂತೆ ಮೊಳೆಯಿಂದ ಒತ್ತಿದಳು. ಮೊಳೆ ಹಪ್ಪಳಕ್ಕೆ ಚುಚ್ಚಿದಂತೆ ಒಳಗೆ ಹೋಯಿತು. ಅವಳು ತಲೆ ಎತ್ತಿ ಹಿರಿಯರನ್ನು ನೋಡಿದಳು.

"ಗೊತ್ತೈತ್ರಿ," ಎಂದರು ಅವರೇ. "ಒಳಗ ಏನೂ ಉಳದಿಲ್ಲ. ನೋಡಾಕರ ಯಾರರೆ ಬರಲಿ ಅಂತ ಫೋಟೋ ಕಳಿಸಿದ್ದೆ. ಸಿಟ್ಟಾಗಬ್ಯಾಡ್ರಿ."

ನಾಗರತ್ನಾ ಸಿಟ್ಟಾಗಲಿಲ್ಲ. ಮೊಸರು ಅವಲಕ್ಕಿ ತಿನ್ನುತ್ತ, ಅವರು ಆಡಿದ ಅಪ್ಪನ ಮಾತುಗಳನ್ನೆಲ್ಲ ಕೇಳಿ, ಸಂಜೆಯ ಬಸ್ಸಿಗೆ ಹೊರಟಳು. ಹೊರಡುವಾಗ ನಿಜಗುಣಪ್ಪ ಮತ್ತೆ ಧೋತರ ಹೊದಿಸಿ, ಮಲಗಿದ ಕೂಸಿಗೆ ಮಾಡುವಂತೆ ಅಂಚು ಸರಿಪಡಿಸುತ್ತಿದ್ದರು.

ಗಣಪತಿ ಹಬ್ಬ ಮುಗಿದ ಮೇಲೆ ರಾಮದುರ್ಗದಿಂದ ಸುದ್ದಿ ಬಂತು. ನೇಕಾರರ ಓಣಿಯಲ್ಲಿ ಮುದಕವ್ವ ಎಂಬಾಕೆಯ ಮನೆ. ಹೊಸ್ತಿಲು ದಾಟುವ ಮೊದಲೇ ಮಗ್ಗದ ಖಟಕ್ ಖಟಕ್ ಕೇಳಿಸುತ್ತಿತ್ತು. ಅರವತ್ತೈದರ ಮುದಕವ್ವ ಮಗ್ಗದ ಕುಣಿಯಿಂದ ಎದ್ದು, ಸೊಂಟ ಹಿಡಿದುಕೊಂಡು, ಸಂದಿಯಲ್ಲಿದ್ದ ಸೈಕಲ್ಲನ್ನು ಎಳೆದು ತಂದಳು. ಪಾಚಿಯ ಹಸಿರು ಬಣ್ಣ. ಇಪ್ಪತ್ತೈದು ವರ್ಷದ ಹಿಂದೆ ಕಾಲೇಜು ಹುಡುಗರೆಲ್ಲ ಹುಚ್ಚಾಗಿದ್ದ ದಪ್ಪ ಟೈರಿನ ಗುಡ್ಡಗಾಡು ಸೈಕಲ್ಲು. ಬಣ್ಣ ಉದುರಿತ್ತು; ನಡುವಿನ ಕೊಳವೆಗೆ ಯಾರೋ ಮಗ್ಗದ ನೂಲು ಸುತ್ತಿದ್ದರು.

"ಗಂಗಾಗ ಕೊಡಸಿದ್ದು, ನನ್ನ ಮಗಳಿಗೆ," ಎಂದಳು ಮುದಕವ್ವ. "ಕಾಲೇಜಿಗೆ ಗಂಡಸರ ಸೈಕಲ್ಲ ಬೇಕಂತ ಹಟ ಹಿಡದಿದ್ಲು. ಈಗ ಹುಬ್ಬಳ್ಳ್ಯಾಗ ಬಸ್ಸಿನ ಕಂಡಕ್ಟರ್ ಅದಾಳ. ಅಕಿ ಬಿಟ್ಟ ಮ್ಯಾಲ ನಮ್ಮವರು ಸೀರಿ ಗಂಟು ಹೇರಿಕೊಂಡು ತೊರಗಲ್ಲು, ಅದರಾಚಿ ಹಳ್ಳಿ ಎಲ್ಲಾ ಇದರ ಮ್ಯಾಲ ತಿರಗಿದ್ರು. ಅವರು ಹೋಗಿ ನಾಕ ವರ್ಷಾತು."

ನಾಗರತ್ನಾ ನಾಣ್ಯ ತೆಗೆದು ತಟ್ಟಿದಳು. ಕೆಂಪು ಫ್ರೇಮಿನಂತೆ ಗಂಟೆಯ ದನಿ ಬರಲಿಲ್ಲ, ಒಲೆ ಊದುವ ಕೊಳವೆ ತಟ್ಟಿದಂತೆ ಮೊದ್ದು ದನಿ ಬಂತು. ಆದರೆ ಎಲ್ಲ ಕಡೆಯೂ ಒಂದೇ ದನಿ. ಮೊಳೆಯಿಂದ ಒತ್ತಿದಳು, ಮೊಳೆ ಜಾರಿತು. ಉಬ್ಬು ಇರಲಿಲ್ಲ. ಮುದಕವ್ವನ ನೂಲನ್ನೇ ಬೇಡಿ ಸುತ್ತಿ ಅಳೆದಳು. ಒಂದು ಕಡೆ ಜೋಳದ ಕಾಳಿನಷ್ಟು ಹೆಚ್ಚು. ಹಿಂದೆ ಕ್ಯಾರಿಯರಿನ ಒಂದು ಕಿವಿ ಮುರಿದು ಮತ್ತೆ ಬೆಸುಗೆ ಹಾಕಿದ್ದ ಗುರುತಿತ್ತು. ಬೆಸುಗೆ ಒರಟು, ಗಟ್ಟಿ.

"ಅದು ತೊರಗಲ್ಲಿನ ಕೋಟಿ ಗ್ವಾಡಿ ಕೆಳಗ ಮುರದಿತ್ತು," ಎಂದಳು ಮುದಕವ್ವ. "ರಂಟಿ ನೇಗಲಕ್ಕ ಬೆಸಗಿ ಹಚ್ಚಾಂವ ಒಬ್ಬಾಂವ ಅಲ್ಲೇ ನಿಂತ ಕಾಲ ಮ್ಯಾಲ ಮಾಡಿಕೊಟ್ಟನಂತ. ಸಂಜಿಕ ಗಂಟಿನ ಸಮೇತ ಮನಿಗೆ ಬಂದಿದ್ರು."

"ಅವ್ವಾ, ಭಾರ ಹಾಕಿ ಒಂದ ಸುತ್ತು ಹೊಡದು ನೋಡಲೇನ? ಏನರ ಗಂಟು ಐತೇನ ಹೇರಾಕ?"

ಮುದಕವ್ವ ಅತ್ತಿತ್ತ ನೋಡಿದಳು. ಸೀರೆಗಳನ್ನೆಲ್ಲ ಹಿಂದಿನ ದಿನವೇ ಒಯ್ದಿದ್ದರು. "ಗಂಟು ಇಲ್ಲಲ್ಲವ್ವ," ಎಂದವಳು, ಒಮ್ಮೆಲೆ ಬಾಯಿಗೆ ಸೆರಗು ಹಚ್ಚಿ ನಕ್ಕಳು. "ನಾನ ಕೂಡತೇನಿ ತಗೋ. ಅವರು ಇದ್ದಾಗ ಕೂಡತಿದ್ದೆ."

ಸೀರೆಯನ್ನು ಒತ್ತಿ ಹಿಡಿದು, ಒಂದೇ ಬದಿಗೆ ಕಾಲು ಬಿಟ್ಟುಕೊಂಡು ಕ್ಯಾರಿಯರ್ ಮೇಲೆ ಕೂತಳು. ನಾಗರತ್ನಾ ತುಳಿದಳು. ಓಣಿ ದಾಟಿ, ಮಲಪ್ರಭೆಯ ದಂಡೆಗೆ ಇಳಿಯುವ ಕಲ್ಲುಗುಂಡಿನ ದಾರಿಗೆ ಬಂದರು. ಸೈಕಲ್ಲು ಮಂದವಾಗಿ, ಎಮ್ಮೆಯ ಹಾಗೆ ಹೊರಟಿತು. ಇಳಿಜಾರಿನಲ್ಲಿ ನಾಗರತ್ನಾ ಹ್ಯಾಂಡಲ್ಲನ್ನು ಗಟ್ಟಿ ಹಿಡಿದು ಕಾದಳು. ಹ್ಯಾಂಡಲ್ಲು ನಡುಗಲಿಲ್ಲ. ಒಂದು ಕೈ ಬಿಟ್ಟಳು. ಆಗಲೂ ಇಲ್ಲ. ಮುದಕವ್ವ ಹಿಂದಿನಿಂದ, "ಸಾವಕಾಶ! ಅಯ್ಯ ಸಾವಕಾಶ!" ಎಂದು ಕೂಗುತ್ತ, ನಡುನಡುವೆ ಹುಡುಗಿಯಂತೆ ನಗುತ್ತಿದ್ದಳು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು.

"ಯಾರ ಜೋಡಿ ಹೊಂಟೀಯ ಮುದಕಕ್ಕಾ?"

"ಸೈಕಲ್ ಮಾರಾಕತ್ತೇನಿ, ನೋಡಾಕ ಬಂದಾಳ!"

ಮರಳಿ ಬಂದು ಇಳಿದ ಮುದಕವ್ವ ಕಣ್ಣೊರೆಸಿಕೊಂಡಳು. ಮಗ್ಗದ ಮಾಲಕನಿಗೆ ಸೀರೆ ಕೊಟ್ಟಷ್ಟೇ ಸರಳವಾಗಿ ವ್ಯವಹಾರ ಮುಗಿಯಿತು. ಕೊಳವೆಗೆ ಸುತ್ತಿದ್ದ ನೂಲನ್ನು ಬಿಚ್ಚಬೇಡವೆಂದು ಮಾತ್ರ ಮುದಕವ್ವ ಹೇಳಿದಳು. ಗಂಡ ಸುತ್ತಿದ್ದು, ಹೆಗಲಿಗೆ ಎತ್ತಿದಾಗ ಒತ್ತಬಾರದೆಂದು.

ಇನ್ನು ಉಳಿದದ್ದು ಕೆಂಪು ಫ್ರೇಮು. ಅದನ್ನು ಭಾಗೀರಥಿಗೆ ವಾಪಸು ಕೊಡುವುದು ಹೇಗೆ? ತನ್ನ ಬದಲು ರಾಮದುರ್ಗಕ್ಕೆ ಹೋಗಲಿ ಎಂದು ಕೊಟ್ಟಿದ್ದಳು. ನಾಗರತ್ನಾ ವಾರವಿಡೀ ಒದ್ದಾಡಿದಳು. ಗಂಡ ಸುಭಾಸ, "ಅಟ್ಟದ ಮ್ಯಾಲ ಇಡು, ಯಾರಿಗೆ ಗೊತ್ತಾಗತೈತಿ?" ಎಂದ. ಅದು ಅವಳಿಗೆ ಸೇರಲಿಲ್ಲ. ಮತ್ತೆ ಗೂಟಕ್ಕೇ ಹೋಗುವುದಾದರೆ ಇಳಿಸಿದ್ದು ಯಾಕೆ?

ಮುತ್ತಪ್ಪಣ್ಣನ ಕಡೆ ಕೆಂಪು ಸೈಕಲ್ಲಿನ ಕ್ಯಾರಿಯರ್ ಬಿಚ್ಚಿಸಿ, ತೆಳ್ಳನೆಯ ಟೈರು ಹಾಕಿಸಿ, ಒಂದು ಭಾನುವಾರ ಮುಂಜಾನೆ ಬೈಲಹೊಂಗಲದಿಂದ ಕಿತ್ತೂರಿಗೆ ಅದನ್ನೇ ತುಳಿದುಕೊಂಡು ಹೊರಟಳು. ಡಾಂಬರಿನ ಮೇಲೆ ಅದು ಹಾರಿತು. ಆದರೆ ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತು. ಹ್ಯಾಂಡಲ್ಲು ದೂರ, ಪೆಡಲ್ಲು ಕೆಳಗಿಳಿದಾಗ ಪಾದ ಎಟುಕಿಯೂ ಎಟುಕದ ಹಾಗೆ. ಸೀಟು ಇಳಿಸಿದರೂ ಸರಿಬರಲಿಲ್ಲ. ಕೋಚ್ ಗೋಡೆಯ ಮೇಲೆ ಹಾಕಿದ ಗೆರೆ ಸುಳ್ಳಾಗಿರಲಿಲ್ಲ. ಅದು ಅಂದಿಗೂ ಅವಳ ಸೈಕಲ್ಲಾಗಿರಲಿಲ್ಲ, ಇಂದಿಗೂ ಅಲ್ಲ. ಹೀಗೆ ತಿಳಿದ ಮೇಲೆ ಅವಳಿಗೆ ದುಃಖವಾಗಬೇಕಿತ್ತು. ಬದಲು ಬಿಗಿ ರವಿಕೆ ಬಿಚ್ಚಿದಷ್ಟು ಹಾಯೆನಿಸಿತು.

ಖಾನಾವಳಿ ಇನ್ನೂ ತೆರೆದಿರಲಿಲ್ಲ. ಭಾಗೀರಥಿ ಅಂಗಳಕ್ಕೆ ನೀರು ಹಾಕುತ್ತಿದ್ದವಳು ಕೊಡ ಕೆಳಗಿಟ್ಟಳು.

"ಇದು ಹೇರು ತಾಳೂದಿಲ್ಲ," ಎಂದಳು ನಾಗರತ್ನಾ, ಇಳಿಯುತ್ತಲೇ. "ನಾ ಬ್ಯಾರೆ ತಗೊಂಡೆ. ಇದು ನಿಂದು. ನಿನ್ನ ಅಳತೀದು. ಹೊಡಿ."

"ನನಗೇನ ಹುಚ್ಚೇನ?"

"ಭಾಗೀ, ಇನ್ನೊಂದ ಮಾತು ಐತಿ." ನಾಗರತ್ನಾ ಸೀಟಿನ ಮೇಲೆ ಕೈಯೂರಿದಳು. "ಅವತ್ತ ನೀ ಕೂಗಿದ್ದು ನನಗ ಕೇಳಿಸಿತ್ತು. ತಿರುಗಿ ನೋಡಿದೆ. ನಿಲ್ಲಲಿಲ್ಲ."

ಭಾಗೀರಥಿ ಒದ್ದೆ ಕೈಯಿಂದಲೇ ಸೈಕಲ್ಲಿನ ಹ್ಯಾಂಡಲ್ಲು ಮುಟ್ಟಿದಳು.

"ತಿರುಗಿ ನೋಡಿದ್ದು ನನಗೂ ಕಂಡಿತ್ತಲೇ," ಎಂದಳು. "ಬಾಳ ದಿವಸ ಬೈದೆ ನಿನ್ನ. ರೊಟ್ಟಿ ಬಡದಾಗೆಲ್ಲಾ ಬೈದೆ. ಆಮ್ಯಾಲ ಯಾವಾಗ ಬಿಟ್ಟೆನೋ ಗೊತ್ತಿಲ್ಲ. ಮರತೇನಿ ಅಂತ ಹೇಳಂಗಿಲ್ಲ, ಮರತಿಲ್ಲ. ಸಿಟ್ಟು ಇಲ್ಲ, ಅಷ್ಟ." ಆಮೇಲೆ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಹಿಡಿ ಇದನ್ನ, ಗಟ್ಟಿ ಹಿಡಿ. ಹತ್ತೂಮುಂದ ಬಿಡಬ್ಯಾಡ."

ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಹತ್ತಿದಳು. ಮೊದಲು ಎಡಕ್ಕೆ ವಾಲಿತು, ಆಮೇಲೆ ಬಲಕ್ಕೆ. ನಾಗರತ್ನಾ ಹಿಂದೆ ಓಡಿದಳು. ಮೂರನೆಯ ಸುತ್ತಿಗೆ ಉದ್ದ ಕಾಲುಗಳಿಗೆ ದಾರಿ ನೆನಪಾಯಿತು. ಓಣಿಯ ತುದಿಯಲ್ಲಿ ಭಾಗೀರಥಿ ತಿರುಗಿ ಬರುವಾಗ, ಹಾಲು ಹಾಕುವ ಮಾಯವ್ವ ಕ್ಯಾನು ಹಿಡಿದು ಬಾಯಿ ತೆರೆದು ನಿಂತಿದ್ದಳು. ಭಾಗೀರಥಿ ಅವಳ ಮುಂದೆಯೇ ಹಾದುಹೋದಳು, ನಿಲ್ಲಿಸುವುದು ಹೇಗೆಂದು ಮರೆತು.

ದಸರಾ ರಜೆಯ ಎರಡನೆಯ ದಿನ ಇಬ್ಬರೂ ಕಿತ್ತೂರಿನಿಂದ ಹೊರಟರು. ನಾಗರತ್ನಾ ಹಸಿರು ಸೈಕಲ್ಲಿನ ಮೇಲೆ. ಅದರ ಬದಿಗೆ ಟೆಂಟು, ಕೌದಿ, ಸಣ್ಣ ಒಲೆ, ನೀರಿನ ಬಾಟಲಿ, ಭಾಗೀರಥಿ ಕಟ್ಟಿಕೊಟ್ಟ ಮೂವತ್ತು ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಭಾಗೀರಥಿ ಕೆಂಪು ಸೈಕಲ್ಲಿನ ಮೇಲೆ, ಮಗಳು ರಾಣಿಯ ಚೂಡಿದಾರ ಹಾಕಿಕೊಂಡು. ಖಾನಾವಳಿ ಬಿಟ್ಟು ಐದು ದಿನ ಬರಲಾಗುವುದಿಲ್ಲ, ಡಾಂಬರು ಇರುವ ತನಕ ಬರುತ್ತೇನೆ ಎಂದಿದ್ದಳು. ಬೈಲಹೊಂಗಲದ ರಸ್ತೆಯಲ್ಲಿ ಅಕ್ಕಪಕ್ಕ ತುಳಿಯುತ್ತ ಹಾಸ್ಟೆಲ್ಲಿನ ಸಾರು, ಮುತ್ತಪ್ಪಣ್ಣ ಕದ್ದು ಕೊಡುತ್ತಿದ್ದ ಚುರುಮುರಿ, ಕೋಚಿನ ಸೀಟಿ ಎಲ್ಲವನ್ನೂ ಮಾತಾಡಿದರು. ಯಾರೂ ಯಾರನ್ನೂ ಹಿಂದೆ ಹಾಕಲಿಲ್ಲ.

ಬಂಡಿ ದಾರಿ ಬಲಕ್ಕೆ ಒಡೆಯುವಲ್ಲಿ ನಿಂತರು. ಭಾಗೀರಥಿ ಹಸಿರು ಸೈಕಲ್ಲನ್ನು ಎತ್ತಲು ನೋಡಿ, ಮುಂದಿನ ಗಾಲಿಯೂ ನೆಲ ಬಿಡದ್ದಕ್ಕೆ, "ಯವ್ವಾ, ಇದೇನ ಗಿರಣಿ ಕಲ್ಲು!" ಎಂದು ಬಿಟ್ಟಳು. ಆಮೇಲೆ ಕೆಂಪು ಸೈಕಲ್ಲು ತಿರುಗಿಸಿ, ಹಿಂತಿರುಗಿ ನೋಡದೆ ಕಿತ್ತೂರಿನ ಕಡೆಗೆ ಜೋರಾಗಿ ತುಳಿದಳು. ಮಧ್ಯಾಹ್ನದ ಊಟಕ್ಕೆ ಜನ ಬರುವ ಹೊತ್ತಾಗುತ್ತಿತ್ತು.

ನಾಗರತ್ನಾ ಡಾಂಬರು ಇಳಿದಳು. ಮಳೆ ನಿಂತು ವಾರವಾಗಿತ್ತು. ಆದರೂ ತಗ್ಗಿನಲ್ಲಿ ಎರಿ ಮಣ್ಣು ಹಸಿಯಾಗಿತ್ತು. ಅದು ಗಾಲಿಗೆ ಅಂಟಿತು, ಮೇಲೆ ಬಂತು, ಅಗಲವಾದ ಸಂದಿಯಿಂದ ಹೆಂಟೆಹೆಂಟೆಯಾಗಿ ಹಿಂದೆ ಬಿತ್ತು. ಸೈಕಲ್ಲು ನಿಲ್ಲಲಿಲ್ಲ. ಎರಡೂ ಬದಿಗೆ ಶೇಂಗಾ ಕೀಳುತ್ತಿದ್ದರು. ಹಸಿ ಮಣ್ಣಿನ, ಹಸಿ ಕಾಯಿಯ ವಾಸನೆ.

ಹೊಲದಲ್ಲಿ ಬಾಗಿದ್ದ ಹಿರಿಯ ಹೆಂಗಸೊಬ್ಬಳು ಸೊಂಟ ಎತ್ತಿ ಕೂಗಿದಳು: "ಏನ್ ಮಾರಾಕ ಹೊಂಟೀಯವ್ವ? ಬಳಿ ಏನ?"

"ಏನೂ ಮಾರಂಗಿಲ್ಲಬೇ, ಸುಮ್ಮ ಹೊಂಟೇನಿ!"

"ಸುಮ್ಮ? ಇಷ್ಟೊಂದ ಹೇರಿಕೊಂಡು?" ಆಕೆ ಪಕ್ಕದವರಿಗೆ ಏನೋ ಹೇಳಿ ನಕ್ಕು, ಒಂದು ಸೂಡು ಶೇಂಗಾ ಗಿಡ ಎತ್ತಿಕೊಂಡು ಬದುವಿಗೆ ಬಂದಳು. "ನಿಂದ್ರು. ಹೇರೂದಂತೂ ಹೇರೀದಿ, ಇದನ್ನೂ ಹೇರಿಕೊ. ಸಂಜಿಕ ಸುಟಗೊಂಡು ತಿನ್ನು."

ನಾಗರತ್ನಾ ಇಳಿದು, ಕೌದಿಯ ಮೇಲೆ ಗಿಡಗಳನ್ನು ಹಗ್ಗದಿಂದ ಬಿಗಿದಳು. ಬೇರಿನ ಮಣ್ಣು ಚೀಲದ ಮೇಲೆ ಉದುರಿತು. ಮುಂದಿನ ಊರು ಎಷ್ಟು ದೂರ ಎಂದು ಕೇಳಿದಳು. ಆಕೆ ಕೈಯೆತ್ತಿ ಮೂಡಣ ದಿಕ್ಕು ತೋರಿಸಿ, ಹಳ್ಳ ದಾಟಿ, ದೊಡ್ಡ ಬೇವಿನ ಮರದ ಕಡೆ ಎಡಕ್ಕೆ ಹೋಗು ಎಂದಳು. ನಾಗರತ್ನಾ ಮತ್ತೆ ಹತ್ತಿ, ಹಳ್ಳದ ಕಡೆಗೆ ತುಳಿದಳು.